ಒಳಿತೂ ಆಗಬೇಕು, ಅಸಲೂ ಬರಬೇಕು: ಸೋಷಿಯಲ್ ಬಾಂಡ್ ಕೊಳ್ಳುವುದು ಹೇಗೆ

ಮೊದಲ ಸಲ ಒಂದು ಸೋಷಿಯಲ್ ಬಾಂಡಿನ, ಅಂದರೆ ಸಮಾಜದ ಕೆಲಸಕ್ಕೆ ಅಂತ ಹೇಳಿ ಹೂಡಿಕೆದಾರರಿಂದ ಎತ್ತುವ ಸಾಲದ, ಕಾಗದಪತ್ರ ಓದಲು ಕೂತಾಗ ನನ್ನ ಕಣ್ಣು ನಿಂತಿದ್ದು ಮುಖಪುಟದ ಫೋಟೋ ಮೇಲೆ. ಶಾಲೆಯ ಬೆಂಚಿನಲ್ಲಿ ಕೂತ ಹುಡುಗಿ, ಎದುರಿಗೆ ತೆರೆದ ಪುಸ್ತಕ. ಅದನ್ನು ನೋಡಿಯೇ ಅರ್ಧ ಒಪ್ಪಿಕೊಂಡಿದ್ದೆ. ಪುಟ ತಿರುವುತ್ತಾ ಹೋದೆ. ಹಣ ಎಲ್ಲಿಗೆ ಹೋಗುತ್ತದೆ ಅನ್ನುವ ಭಾಗ ತುಂಬಾ ಒಳಗಿತ್ತು, ಬರೀ ಅರ್ಧ ಪುಟ. ಅಲ್ಲಿದ್ದ ಮಾತು ಇಷ್ಟು: ಬಂದ ಹಣದಷ್ಟೇ ಮೊತ್ತವನ್ನು ಅರ್ಹ ಸಾಮಾಜಿಕ ಯೋಜನೆಗಳಿಗೆ, ಹೊಸದಕ್ಕಾಗಲಿ ಹಳೆಯದಕ್ಕಾಗಲಿ, ಬಳಸುವ ಉದ್ದೇಶವಿದೆ. ಅದರ ಕೆಳಗೇ ಇನ್ನೊಂದು ಸಾಲು: ಹಾಗೆ ಬಳಸದೇ ಹೋದರೂ ಅದನ್ನು ಕರಾರು ಮುರಿದಂತೆ ಎಣಿಸುವಂತಿಲ್ಲ.

'ಉದ್ದೇಶವಿದೆ' ಅನ್ನುವ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಬಡ್ಡಿಯ ಬಗ್ಗೆ ಬರೆಯುವಾಗ 'ಕೊಡುತ್ತೇವೆ' ಅಂತ ಬರೆದಿದ್ದರು. ಶಾಲೆಯ ಬಗ್ಗೆ ಬರೆಯುವಾಗ 'ಉದ್ದೇಶವಿದೆ' ಅಂತ. ಈ ಎರಡು ಪದಗಳ ನಡುವಿನ ಅಂತರ ಅರ್ಥವಾದರೆ ಸೋಷಿಯಲ್ ಬಾಂಡ್ ಅರ್ಧ ಅರ್ಥವಾದಂತೆ. ಇಂಥ ಸಾಲು ಆ ಒಂದು ಬಾಂಡಿನಲ್ಲಿ ಮಾತ್ರ ಇರುವುದಲ್ಲ, ಬಹುತೇಕ ಬಾಂಡ್‌ಗಳಲ್ಲಿ ಇರುತ್ತದೆ.

ಹಾಗಂತ ಇದು ಕೆಟ್ಟ ಹೂಡಿಕೆ ಅಂತ ಹೇಳುತ್ತಿಲ್ಲ. ಇಂಥ ಬಾಂಡ್‌ಗಳ ಹಣದಿಂದ ಮಕ್ಕಳಿಗೆ ಲಸಿಕೆ ಸಿಕ್ಕಿದೆ, ಕಷ್ಟಕಾಲದಲ್ಲಿ ಲಕ್ಷಾಂತರ ಜನರ ಕೆಲಸ ಉಳಿದಿದೆ. ಹೂಡಿದವರಿಗೆ ಬಡ್ಡಿಯೂ ಬಂದಿದೆ. ಆದರೆ ಕೊಳ್ಳುವವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ನನ್ನ ಹಣ ವಾಪಸ್ ಬರುತ್ತಾ? ನನ್ನ ಹಣ ಹೇಳಿದ ಕೆಲಸಕ್ಕೆ ಹೋಗುತ್ತಾ? ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಉತ್ತರ ಆಗುವುದಿಲ್ಲ. ಒಳ್ಳೆಯ ಕೆಲಸಕ್ಕೆ ಸಾಲ ಎತ್ತುವವರೆಲ್ಲಾ ಸಾಲ ತೀರಿಸುವ ಶಕ್ತಿ ಇರುವವರೇ ಆಗಿರಬೇಕಿಲ್ಲ ಅಲ್ವಾ?

ಮೊದಲು, ಇದು ಯಾವ ಬಗೆಯ ಬಾಂಡ್ ಅಂತ ಗುರುತಿಸಿ

'ಸೋಷಿಯಲ್', 'ಇಂಪ್ಯಾಕ್ಟ್', 'ಸಸ್ಟೈನಬಲ್' ಅನ್ನುವ ಹೆಸರುಗಳನ್ನು ಜನ ಒಂದಕ್ಕೊಂದು ಬದಲಾಯಿಸಿ ಬಳಸುತ್ತಾರೆ. ಒಳಗಿನ ಲೆಕ್ಕ ಮಾತ್ರ ಪೂರಾ ಬೇರೆ.

ಸೋಷಿಯಲ್ ಬಾಂಡ್ ಅಂದರೆ ಮಾಮೂಲಿ ಬಾಂಡೇ. ಸರ್ಕಾರವೋ, ಅಭಿವೃದ್ಧಿ ಬ್ಯಾಂಕೋ, ಕಂಪನಿಯೋ ನಿಮ್ಮಿಂದ ಸಾಲ ಪಡೆಯುತ್ತದೆ. ಗೊತ್ತಾದ ದಿನಕ್ಕೆ ಬಡ್ಡಿ, ಅವಧಿ ಮುಗಿದಾಗ ಅಸಲು. ಅಷ್ಟು ಮೊತ್ತವನ್ನು ಆಸ್ಪತ್ರೆ, ಕೈಗೆಟುಕುವ ಮನೆ, ಶಿಕ್ಷಣ, ಸಣ್ಣ ಉದ್ಯಮಗಳಿಗೆ ಸಾಲ ಇಂಥವಕ್ಕೆ ಬಳಸುತ್ತೇವೆ ಅನ್ನುವ ಮಾತು ಜೊತೆಗಿರುತ್ತದೆ. ಸ್ಪೇನಿನ ಸರ್ಕಾರಿ ಬ್ಯಾಂಕ್ ಐಸಿಒ 2015ರಲ್ಲೇ 'ಸೋಷಿಯಲ್ ಬಾಂಡ್' ಹೆಸರಿನಲ್ಲಿ ಸಾಲ ಎತ್ತಿತ್ತು. ಅದಕ್ಕೂ ಮುಂಚೆ, 2006ರ ನವೆಂಬರಿನಲ್ಲಿ, ಐಎಫ್‌ಎಫ್‌ಐಎಂ ಅನ್ನುವ ಸಂಸ್ಥೆ ಲಸಿಕೆಗಾಗಿ 100 ಕೋಟಿ ಡಾಲರ್‌ನ ಬಾಂಡ್ ತಂದಿತ್ತು. ಹೊಸದಾಗಿ ಶುರು ಮಾಡುವವರಿಗೆ ಈ ಬಗೆಯೇ ಸರಿ.

ಸಸ್ಟೈನಬಿಲಿಟಿ ಬಾಂಡ್‌ನಲ್ಲಿ ಸಾಮಾಜಿಕ ಕೆಲಸವೂ ಪರಿಸರದ ಕೆಲಸವೂ ಬೆರೆತಿರುತ್ತವೆ. ಯಾವುದಕ್ಕೆ ಎಷ್ಟು ಪಾಲು ಅಂತ ಕೇಳಿದರೆ ಸಾಕು.

ಸಸ್ಟೈನಬಿಲಿಟಿ-ಲಿಂಕ್ಡ್ ಬಾಂಡ್‌ನಲ್ಲಿ ಎಚ್ಚರ ಬೇಕು. ಹೆಸರಿನಲ್ಲಿರುವ ಆ 'ಲಿಂಕ್ಡ್' ಅನ್ನುವ ಒಂದು ಪದ ಎಲ್ಲವನ್ನೂ ಬದಲಾಯಿಸುತ್ತದೆ. ಇಲ್ಲಿ ಹಣವನ್ನು ಕಂಪನಿ ಯಾವುದಕ್ಕಾದರೂ ಬಳಸಬಹುದು. ಒಂದು ಗುರಿ ಹಾಕಿಕೊಂಡಿರುತ್ತದೆ, ಅದನ್ನು ಮುಟ್ಟದಿದ್ದರೆ ನಿಮಗೆ ಸ್ವಲ್ಪ ಜಾಸ್ತಿ ಬಡ್ಡಿ ಕೊಡುತ್ತದೆ. ಇಟಲಿಯ ವಿದ್ಯುತ್ ಕಂಪನಿ ಎನೆಲ್ 2019ರಲ್ಲಿ ಇದನ್ನು ಶುರು ಮಾಡಿತು. ಗುರಿ ತಪ್ಪಿದರೆ ಶೇ 0.25ರಷ್ಟು ಬಡ್ಡಿ ಏರಿಕೆ ಅಂತ ಕರಾರು. ಮೊದಲ ಗುರಿಯನ್ನು ಅದು ಮುಟ್ಟಿತು. ಮುಂದೆ ತಂದ ಬಾಂಡ್‌ಗಳಲ್ಲಿ 2023ಕ್ಕೆ ಹಾಕಿಕೊಂಡಿದ್ದ, ಇಂಗಾಲ ಹೊರಬಿಡುವುದನ್ನು ಇಳಿಸುವ ಗುರಿ ತಪ್ಪಿತು, ಬಡ್ಡಿ ಏರಿತು. ಅಂದರೆ ಒಳಿತು ಆಗದಿದ್ದಾಗ ಹೂಡಿದವರಿಗೆ ಲಾಭ! ಕಂಪನಿಗೆ ಬಿಸಿ ಮುಟ್ಟಿಸುವ ದಾರಿ ಇದು ಅನ್ನುವುದು ನಿಜ. ಆದರೆ ಸಮಾಜಕ್ಕೆ ಉಪಯೋಗ ಆಗಲಿ ಅಂತ ಹಣ ಹಾಕುವವರಿಗೆ ಇದು ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ.

ಕೊನೆಯದು ಸೋಷಿಯಲ್ ಇಂಪ್ಯಾಕ್ಟ್ ಬಾಂಡ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಹೆಸರಿನಿಂದ ಮೋಸ ಹೋಗುವುದು ಇಲ್ಲೇ.

ಹೆಸರಲ್ಲಿ ಬಾಂಡ್ ಇದ್ದರೂ ಇದು ಸಾಮಾನ್ಯ ಅರ್ಥದ ಬಾಂಡ್ ಅಲ್ಲ. ಹೂಡಿಕೆದಾರರು ಮೊದಲು ಹಣ ಹಾಕುತ್ತಾರೆ. ಒಂದು ಸೇವಾ ಸಂಸ್ಥೆ ಕೆಲಸ ಮಾಡುತ್ತದೆ. ಸಂಬಂಧವಿಲ್ಲದ ಮೂರನೆಯವರು ಫಲಿತಾಂಶ ಅಳೆಯುತ್ತಾರೆ. ಗುರಿ ಮುಟ್ಟಿದರೆ ಸರ್ಕಾರವೋ ದಾನಿ ಸಂಸ್ಥೆಯೋ ಹಣವನ್ನು ಲಾಭ ಸೇರಿಸಿ ಹಿಂತಿರುಗಿಸುತ್ತದೆ. ಮುಟ್ಟದಿದ್ದರೆ ಅಸಲೇ ಹೋಗಬಹುದು.

ಮೊದಲನೆಯದು 2010ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಶುರುವಾಯಿತು. ಒಂದು ವರ್ಷಕ್ಕಿಂತ ಕಡಿಮೆ ಶಿಕ್ಷೆ ಮುಗಿಸಿ ಹೊರಬರುವವರು ಮತ್ತೆ ಅಪರಾಧದ ದಾರಿ ಹಿಡಿಯದಂತೆ ಜೊತೆಗೆ ನಿಲ್ಲುವ ಕೆಲಸ. ಹದಿನೇಳು ಹೂಡಿಕೆದಾರರು ಸುಮಾರು 50 ಲಕ್ಷ ಪೌಂಡ್ ಹಾಕಿದರು. ಮರುಅಪರಾಧ ಶೇ 7.5ರಷ್ಟಾದರೂ ಇಳಿಯಬೇಕಿತ್ತು. ಇಳಿದದ್ದು ಶೇ 9. ಅಸಲಿನ ಜೊತೆ ವರ್ಷಕ್ಕೆ ಶೇ 3ಕ್ಕಿಂತ ತುಸು ಹೆಚ್ಚು ಆದಾಯ ಬಂತು. 2012ರಲ್ಲಿ ನ್ಯೂಯಾರ್ಕಿನ ರೈಕರ್ಸ್ ಐಲೆಂಡ್ ಜೈಲಿನ ಹದಿಹರೆಯದವರಿಗಾಗಿ ಇಂಥದ್ದೇ ಪ್ರಯತ್ನ ನಡೆಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಅನ್ನುವ ಬ್ಯಾಂಕ್ 72 ಲಕ್ಷ ಡಾಲರ್ ಸಾಲ ಕೊಟ್ಟಿತು. ಅಳೆದು ನೋಡಿದರೆ ಮರುಅಪರಾಧ ಇಳಿದಿರಲಿಲ್ಲ. 2015ರಲ್ಲಿ ಯೋಜನೆ ನಿಂತಿತು. ಬ್ಲೂಮ್‌ಬರ್ಗ್ ಫಿಲಾಂತ್ರಪೀಸ್ ಅನ್ನುವ ದಾನಿ ಸಂಸ್ಥೆ 60 ಲಕ್ಷ ಡಾಲರ್‌ಗೆ ಜಾಮೀನು ನಿಂತಿದ್ದರಿಂದ ಬ್ಯಾಂಕಿಗೆ ಕೈಬಿಟ್ಟಿದ್ದು 12 ಲಕ್ಷ ಮಾತ್ರ.

ನನಗೆ ಹೆಚ್ಚು ಹಿಡಿಸಿದ ಉದಾಹರಣೆ ರಾಜಸ್ಥಾನದ ಭಿಲ್ವಾಡಾ ಜಿಲ್ಲೆಯದು. ಎಜುಕೇಟ್ ಗರ್ಲ್ಸ್ ಸಂಸ್ಥೆ 2015ರಿಂದ 2018ರವರೆಗೆ ಅಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸುವ, ಸೇರಿದ ಮಕ್ಕಳು ನಿಜವಾಗಿ ಕಲಿಯುವಂತೆ ಮಾಡುವ ಕೆಲಸ ಹಿಡಿಯಿತು. ಎರಡು ವರ್ಷ ಮುಗಿದಾಗ ಕಲಿಕೆಯ ಗುರಿಯಲ್ಲಿ ಆಗಿದ್ದು ಸುಮಾರು ಅರ್ಧ. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ ಸೋಲು ಅಂತಲೇ ಬರೆಯುತ್ತಿದ್ದರು. ಮೂರನೇ ವರ್ಷದಲ್ಲಿ ಪಾಠ ಮಾಡುವ ರೀತಿಯನ್ನೇ ತಿದ್ದಿಕೊಂಡು, ಕೊನೆಗೆ ಕಲಿಕೆಯಲ್ಲಿ ಗುರಿಯ ಶೇ 160, ದಾಖಲಾತಿಯಲ್ಲಿ ಶೇ 116 ಮುಟ್ಟಿದರು. ಹಣ ಹಾಕಿದ್ದ ಯುಬಿಎಸ್ ಆಪ್ಟಿಮಸ್ ಫೌಂಡೇಶನ್‌ಗೆ ಅಸಲಿನ ಜೊತೆ ವರ್ಷಕ್ಕೆ ಶೇ 15ರ ಲೆಕ್ಕದಲ್ಲಿ ಆದಾಯ ಬಂತು.

ಗಮನಿಸಿ, ಈ ಮೂರರಲ್ಲೂ ಹಣ ಹಾಕಿದವರು ಫೌಂಡೇಶನ್‌ಗಳು, ಟ್ರಸ್ಟ್‌ಗಳು, ದೊಡ್ಡ ಬ್ಯಾಂಕು. ಅಸಲು ಹೋದರೆ ತಡೆದುಕೊಳ್ಳುವ ಶಕ್ತಿ ಅವರಿಗಿದೆ. ಉಳಿತಾಯದ ಹಣ ಹೂಡುವವರಿಗೆ ಇಂಪ್ಯಾಕ್ಟ್ ಬಾಂಡ್ ಬೇಡ. ಯಾರಾದರೂ ಬಂದು 'ಇದು ಬಾಂಡ್, ಆದ್ದರಿಂದ ಸುರಕ್ಷಿತ' ಅಂದರೆ ಈ ಮೇಲಿನ ಲೆಕ್ಕ ತೋರಿಸಿ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲಾ ಮಾಮೂಲಿ ಸೋಷಿಯಲ್ ಬಾಂಡ್ ಬಗ್ಗೆ.

ಆಮೇಲೆ, ಸಾಲಗಾರ ಯಾರು ಅಂತ ನೋಡಿ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಸಾಲ ಕೊಡುವ ಎಲ್ಲರಿಗೂ ನೆನಪಿರಬೇಕು. ನೀವು ಕೊಡುತ್ತಿರುವುದು ಶಾಲೆಗಲ್ಲ, ಶಾಲೆಗೆ ಹಣ ಕೊಡುತ್ತೇನೆ ಅಂದ ಸಂಸ್ಥೆಗೆ. ಸಾಮಾನ್ಯವಾಗಿ ಬಡ್ಡಿಯೂ ಅಸಲೂ ಬರುವುದು ಆ ಸಂಸ್ಥೆಯ ಒಟ್ಟು ಆದಾಯದಿಂದ. ಕಟ್ಟಿದ ಆಸ್ಪತ್ರೆ ಚೆನ್ನಾಗಿ ನಡೆದರೂ ಸಂಸ್ಥೆ ಮುಳುಗಿದರೆ ನಿಮ್ಮ ಹಣ ಮುಳುಗುತ್ತದೆ. ಆಸ್ಪತ್ರೆ ಅರ್ಧಕ್ಕೆ ನಿಂತರೂ ಸಂಸ್ಥೆ ಗಟ್ಟಿಯಾಗಿದ್ದರೆ ಬಡ್ಡಿ ತಪ್ಪುವುದಿಲ್ಲ.

ಐಎಫ್‌ಎಫ್‌ಐಎಂ ಇದಕ್ಕೆ ಚೆನ್ನಾದ ಉದಾಹರಣೆ. ಬ್ರಿಟನ್, ಫ್ರಾನ್ಸ್, ಇಟಲಿ, ಸ್ಪೇನಿನಂಥ ದೇಶಗಳು ಮುಂದಿನ ಇಪ್ಪತ್ತು ವರ್ಷ ಇಷ್ಟಿಷ್ಟು ಕೊಡುತ್ತೇವೆ ಅಂತ ಕಾನೂನುಬದ್ಧವಾಗಿ ಮಾತು ಕೊಟ್ಟವು. ಆ ಮಾತನ್ನೇ ಆಧಾರ ಮಾಡಿಕೊಂಡು ಬಾಂಡ್ ತಂದು, ಇಪ್ಪತ್ತು ವರ್ಷದಲ್ಲಿ ಬರಬೇಕಾದ ಹಣವನ್ನು ಇವತ್ತೇ ಎತ್ತಿ, 'ಗಾವಿ' ಸಂಸ್ಥೆಯ ಮೂಲಕ ಬಡ ದೇಶಗಳ ಮಕ್ಕಳಿಗೆ ಲಸಿಕೆ ಕೊಡಿಸಿದರು. ಲಸಿಕೆ ಹತ್ತು ವರ್ಷ ತಡವಾದರೆ ಆ ಮಗುವಿಗೆ ಪ್ರಯೋಜನ ಇಲ್ಲ, ಹಾಗಾಗಿ ಈ ಉಪಾಯಕ್ಕೆ ಅರ್ಥ ಇದೆ. ಮುಂದೆ ಬ್ರಿಟನ್, ಫ್ರಾನ್ಸ್‌ಗಳ ರೇಟಿಂಗ್, ಅಂದರೆ ಸಾಲ ತೀರಿಸುವ ಶಕ್ತಿಗೆ ಕೊಡುವ ದರ್ಜೆ, ಇಳಿದಾಗ ಐಎಫ್‌ಎಫ್‌ಐಎಂನ ರೇಟಿಂಗೂ ಇಳಿಯಿತು. ಲಸಿಕೆ ಹಾಕುವ ಕೆಲಸದಲ್ಲಿ ಏನೂ ತಪ್ಪಾಗಿರಲಿಲ್ಲ. ಹಣ ಕೊಡುವವರ ರೇಟಿಂಗ್ ಇಳಿಯಿತು, ಅಷ್ಟೇ.

ಸಾಲಗಾರನ ಬಗ್ಗೆ ತಿಳಿಯಬೇಕಾದ್ದು ಕೆಲವೇ ವಿಷಯ. ರೇಟಿಂಗ್ ಎಷ್ಟು, ಅದನ್ನು ಯಾವಾಗ ಕೊಟ್ಟದ್ದು? ಸಂಸ್ಥೆ ಮುಳುಗಿದರೆ ನಿಮ್ಮ ಸರದಿ ಎಲ್ಲಿ, ಮೊದಲಾ ಕೊನೆಯಾ? ಯಾರಾದರೂ ಜಾಮೀನು ಇದ್ದಾರಾ, ಇದ್ದರೆ ಪೂರ್ತಿಗಾ ಅರ್ಧಕ್ಕಾ? ಅವಧಿಗೆ ಮುಂಚೆಯೇ ಸಾಲ ತೀರಿಸಿ ಬಾಂಡ್ ವಾಪಸ್ ಪಡೆಯುವ ಹಕ್ಕು ಅವರಿಗಿದೆಯಾ? ಇದರ ಜೊತೆ ಬಡ್ಡಿ ಯಾಕೆ ಜಾಸ್ತಿ ಇದೆ ಅಂತಲೂ ಕೇಳಿ. ವಿಶ್ವಬ್ಯಾಂಕ್ 2017ರಲ್ಲಿ 32 ಕೋಟಿ ಡಾಲರ್‌ನ ಪ್ಯಾಂಡೆಮಿಕ್ ಬಾಂಡ್ ತಂದಾಗ ಬಡ್ಡಿ ಚೆನ್ನಾಗಿಯೇ ಇತ್ತು. ಷರತ್ತು ಏನೆಂದರೆ, ಸಾಂಕ್ರಾಮಿಕ ರೋಗ ಹಬ್ಬಿದರೆ ಅಸಲು ಪೂರ್ತಿಯಾಗಿಯೋ ಒಂದು ಪಾಲೋ ಬಡ ದೇಶಗಳ ನೆರವಿಗೆ ಹೋಗುತ್ತದೆ. 2020ರಲ್ಲಿ ಹಾಗೇ ಆಯಿತು. ಅದು ಮೋಸ ಅಲ್ಲ, ಕರಾರಿನಲ್ಲಿ ಬರೆದದ್ದೇ. ಓದಿ ಹಾಕಿದವರಿಗೆ ಆಶ್ಚರ್ಯ ಆಗಲಿಲ್ಲ.

ಈಗ ಚೌಕಟ್ಟು ಓದಿ

ಸೋಷಿಯಲ್ ಬಾಂಡ್ ತರುವ ಸಂಸ್ಥೆ 'ಸೋಷಿಯಲ್ ಬಾಂಡ್ ಫ್ರೇಮ್‌ವರ್ಕ್' ಅನ್ನುವ ದಾಖಲೆ, ಅಂದರೆ ಚೌಕಟ್ಟು, ಹೊರಡಿಸುತ್ತದೆ. ಹದಿನೈದೋ ಇಪ್ಪತ್ತೋ ಪುಟ, ಸಂಸ್ಥೆಯ ವೆಬ್‌ಸೈಟಿನ ಹೂಡಿಕೆದಾರರ ವಿಭಾಗದಲ್ಲಿ ಇರುತ್ತದೆ. ಅದು ಸಿಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಇಂಟರ್‌ನ್ಯಾಷನಲ್ ಕ್ಯಾಪಿಟಲ್ ಮಾರ್ಕೆಟ್ ಅಸೋಸಿಯೇಷನ್, ಅಂದರೆ ಬಾಂಡ್ ಮಾರುಕಟ್ಟೆಯ ಸಂಸ್ಥೆಗಳ ಒಕ್ಕೂಟ ಐಸಿಎಂಎ, 2017ರಲ್ಲಿ ಸೋಷಿಯಲ್ ಬಾಂಡ್ ತತ್ವಗಳನ್ನು ಪ್ರಕಟಿಸಿತು. ಅದರಲ್ಲಿ ನಾಲ್ಕು ಅಂಶಗಳಿವೆ: ಹಣ ಯಾವುದಕ್ಕೆ, ಯೋಜನೆಯನ್ನು ಆರಿಸುವುದು ಹೇಗೆ, ಹಣದ ಲೆಕ್ಕ ಇಡುವುದು ಹೇಗೆ, ವರದಿ ಕೊಡುವುದು ಹೇಗೆ. ಇವು ಸಂಸ್ಥೆಗಳು ತಾವಾಗಿ ಒಪ್ಪಿ ಪಾಲಿಸುವ ನಿಯಮಗಳು, ಕಾನೂನಲ್ಲ. ಆದರೂ ಓದುಗರಿಗೆ ಒಳ್ಳೆಯ ಅಳತೆಗೋಲು.

ಮೊದಲ ಅಂಶವನ್ನೇ ಬಿಡಿಸಿ ನೋಡೋಣ. 'ಸಮಾಜದ ದುರ್ಬಲ ವರ್ಗಗಳ ಏಳಿಗೆಗೆ ಬೆಂಬಲ' ಅಂತ ಬರೆದಿದ್ದರೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾವ ಯೋಜನೆಯನ್ನು ಬೇಕಾದರೂ ಅದರೊಳಗೆ ತುರುಕಬಹುದು. 'ಪ್ರದೇಶದ ಸರಾಸರಿಗಿಂತ ಕಡಿಮೆ ಆದಾಯದ ಕುಟುಂಬಗಳಿಗೆ, ಮಾರುಕಟ್ಟೆಗಿಂತ ಇಷ್ಟು ಕಡಿಮೆ ಬಾಡಿಗೆಯಲ್ಲಿ, ಕನಿಷ್ಠ ಇಷ್ಟು ವರ್ಷ ಮನೆ' ಅಂತ ಬರೆದಿದ್ದರೆ ಅದನ್ನು ನಾಳೆ ಅಳೆಯಬಹುದು. ಯಾರಿಗೆ ಉಪಯೋಗ ಅನ್ನುವುದು ಹೆಸರಿಟ್ಟು ಹೇಳಿರಬೇಕು. ಒಂದು ಖಾಸಗಿ ಆಸ್ಪತ್ರೆ ಹೊಸ ಕಟ್ಟಡ ಕಟ್ಟಿದರೆ ಅದು ಸುಮ್ನೆ ಆಸ್ಪತ್ರೆ. ಅಲ್ಲಿ ಹಣ ಕೊಡಲಾಗದವರಿಗೆ ಎಷ್ಟು ಹಾಸಿಗೆ ಮೀಸಲು ಅನ್ನುವುದು ಬಂದಾಗ ಮಾತ್ರ ಅದು ಸಾಮಾಜಿಕ ಯೋಜನೆ.

ಇನ್ನೊಂದು ಪದ ಹುಡುಕಿ: ರಿಫೈನಾನ್ಸಿಂಗ್. ಈಗಾಗಲೇ ಮುಗಿದ ಯೋಜನೆಯ ಹಳೆಯ ಸಾಲ ತೀರಿಸಲು ಹೊಸ ಬಾಂಡಿನ ಹಣ ಬಳಸುವುದು. ಇದು ತಪ್ಪಲ್ಲ. ಹಳೆಯ ಸಾಲ ತೀರಿದರೆ ಹೊಸದಕ್ಕೆ ಕೈ ಖಾಲಿ ಆಗುತ್ತದೆ. ಆದರೆ ಹತ್ತರಲ್ಲಿ ಒಂಬತ್ತು ಪಾಲು ಹಳೆಯದಕ್ಕೇ ಹೋದರೆ ನಿಮ್ಮ ಹಣದಿಂದ ಹೊಸದಾಗಿ ಏನಾಯಿತು? ಎಷ್ಟು ಪಾಲು ಹೊಸದು, ಎಷ್ಟು ಹಳೆಯದು, ಎಷ್ಟು ವರ್ಷ ಹಿಂದಿನವರೆಗೆ ಎಣಿಸುತ್ತಾರೆ ಅಂತ ಒಳ್ಳೆಯ ಸಂಸ್ಥೆಗಳು ಮೊದಲೇ ಹೇಳುತ್ತವೆ. ಎರಡು ಮೂರು ವರ್ಷ ಹಿಂದಿನವರೆಗೆ ಅಂದರೆ ನನಗೆ ಒಪ್ಪಿಗೆ. ಮಿತಿಯನ್ನೇ ಹೇಳದಿದ್ದರೆ ಒಪ್ಪಿಗೆ ಇಲ್ಲ.

ಚೌಕಟ್ಟಿನ ಬಗ್ಗೆ ಹೊರಗಿನವರ ಅಭಿಪ್ರಾಯವೂ ಇರುತ್ತದೆ, ಸೆಕೆಂಡ್ ಪಾರ್ಟಿ ಒಪಿನಿಯನ್ ಅನ್ನುತ್ತಾರೆ. ಇದಕ್ಕೆ ದುಡ್ಡು ಕೊಡುವುದು ಬಾಂಡ್ ತರುವ ಸಂಸ್ಥೆಯೇ. ಹಾಗಾಗಿ 'ತತ್ವಗಳಿಗೆ ಅನುಗುಣವಾಗಿದೆ' ಅನ್ನುವ ಮೊದಲ ಸಾಲು ಓದಿ ನಿಲ್ಲಬೇಡಿ. ಕೊರತೆ, ಮಿತಿ ಅಂತ ಬರೆದಿರುವ ಭಾಗಕ್ಕೆ ಹೋಗಿ. ಮೆಚ್ಚುಗೆ ಎಲ್ಲ ದಾಖಲೆಗಳಲ್ಲೂ ಒಂದೇ ಥರ ಇರುತ್ತದೆ, ಕೊರತೆ ಮಾತ್ರ ಒಂದೊಂದರಲ್ಲಿ ಒಂದೊಂದು.

ಬೆಳ್ಳಗಿರುವುದೆಲ್ಲಾ ಹಾಲಲ್ಲ ಅಂತಾರಲ್ಲ, ಅದಕ್ಕೆ ಇನ್ನೊಂದು ಪರೀಕ್ಷೆ ಇದೆ. ಬಾಂಡ್ ಬಿಟ್ಟು ಸಂಸ್ಥೆಯ ಉಳಿದ ವ್ಯವಹಾರ ನೋಡಿ. ಒಂದು ಕೈಯಲ್ಲಿ ಬಡವರಿಗೆ ಸಾಲ ಕೊಡುವ ಬಾಂಡ್ ತಂದು, ಇನ್ನೊಂದು ಕೈಯಲ್ಲಿ ಅದೇ ಜನರಿಂದ ಸುಲಿಗೆ ಬಡ್ಡಿ ಎತ್ತುವ ಕಂಪನಿಯ ಚೌಕಟ್ಟು ಎಷ್ಟು ಅಚ್ಚುಕಟ್ಟಾಗಿದ್ದರೂ ನಾನು ಮುಟ್ಟುವುದಿಲ್ಲ.

ಹಿಂದಿನ ವರ್ಷದ ವರದಿ ತೆಗೆದು ಓದಿ

ಮೊದಲ ಸಲ ಬಾಂಡ್ ತರುವವರ ಬಳಿ ಇದು ಇರುವುದಿಲ್ಲ. ಹಿಂದೆ ತಂದವರ ಬಳಿ ಇರಲೇಬೇಕು. ಇದರಲ್ಲಿ ಎರಡು ಭಾಗ. ಹಣ ಎಲ್ಲೆಲ್ಲಿ ಹಂಚಿದರು ಅನ್ನುವುದು ಒಂದು, ಅದರಿಂದ ಏನಾಯಿತು ಅನ್ನುವುದು ಇನ್ನೊಂದು.

ಒಂದು ವರದಿಯಲ್ಲಿ ಹೀಗೆ ಬರೆದಿದೆ ಅಂದುಕೊಳ್ಳಿ: '12 ಶಾಲೆ ಕಟ್ಟಿದೆವು, 6,000 ಮಕ್ಕಳಿಗೆ ಪ್ರಯೋಜನ.' ಮೊದಲು, 6,000 ಹೇಗೆ ಬಂತು? ಶಾಲೆಗೊಂದಕ್ಕೆ 500 ಸೀಟು ಅಂತ ಗುಣಿಸಿದ್ದಾ, ಅಥವಾ ನಿಜವಾಗಿ ದಾಖಲಾದ ಮಕ್ಕಳಾ? ಎರಡನೆಯದು, ಈ ಮಕ್ಕಳು ಮುಂಚೆ ಎಲ್ಲಿದ್ದರು? ಶಾಲೆ ಬಿಟ್ಟವರಾ, ಇಲ್ಲಾ ಪಕ್ಕದ ಶಾಲೆಯಿಂದ ಇಲ್ಲಿಗೆ ಬಂದವರಾ? ಮೂರನೆಯದು, ಶಾಲೆಗೆ ಬಂದ ಮೇಲೆ ಕಲಿತರಾ? ಕೊನೆಯದು, 12 ಶಾಲೆಗೂ ಈ ಬಾಂಡೇ ಪೂರ್ತಿ ಹಣ ಕೊಟ್ಟಿತಾ? ಬಾಂಡ್ ಕೊಟ್ಟದ್ದು ಕಾಲು ಭಾಗ ಮಾತ್ರ ಆಗಿದ್ದರೆ 6,000 ಮಕ್ಕಳನ್ನೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು ಸರಿಯಲ್ಲ, 1,500 ಅಂತ ಬರೆಯಬೇಕು. ಪಾಲಿಗೆ ತಕ್ಕಂತೆ ಎಣಿಸಿದ್ದೇವೆ ಅಂತ ವರದಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ನನಗೆ ಆ ಸಂಸ್ಥೆಯ ಮೇಲೆ ನಂಬಿಕೆ ಬರುತ್ತದೆ.

ಗುರಿ ತಪ್ಪಿದ್ದನ್ನು ಹೇಳಿದ್ದಾರಾ ಅಂತಲೂ ನೋಡಿ. ಯಾವ ಯೋಜನೆಯೂ ತಡವಾಗದ, ಯಾವ ಅಂಕಿಯೂ ಕೆಳಗಿಳಿಯದ ವರದಿ ಓದಿದರೆ ನನಗೆ ಸಮಾಧಾನ ಆಗುವುದಿಲ್ಲ. ಭಿಲ್ವಾಡಾದಲ್ಲಿ ಎರಡನೇ ವರ್ಷದ ಕೊರತೆಯನ್ನು ಬಚ್ಚಿಟ್ಟಿದ್ದರೆ ಮೂರನೇ ವರ್ಷ ತಿದ್ದಿಕೊಳ್ಳಲು ಆಗುತ್ತಿರಲಿಲ್ಲ.

ಇನ್ನೂ ಹಂಚದೇ ಉಳಿದ ಹಣ ಎಷ್ಟು, ಅದನ್ನು ಎಲ್ಲಿಟ್ಟಿದ್ದಾರೆ ಅನ್ನುವುದನ್ನೂ ಒಮ್ಮೆ ನೋಡಿಬಿಡಿ.

ಲೆಕ್ಕ ಹಾಕಿ

ಇಲ್ಲಿ ಮನಸ್ಸು ಕರಗಿಸಿಕೊಳ್ಳಬೇಡಿ. ಅದೇ ಸಂಸ್ಥೆಯ, ಅದೇ ಅವಧಿಯ ಮಾಮೂಲಿ ಬಾಂಡ್ ಇದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಮಾಮೂಲಿಯದು ವರ್ಷಕ್ಕೆ ಶೇ 5 ಕೊಡುತ್ತಿದ್ದು, ಸೋಷಿಯಲ್ ಶೇ 4.9 ಕೊಟ್ಟರೆ, 1,000 ಹಾಕಿದವರು ವರ್ಷಕ್ಕೆ 1 ಬಿಟ್ಟುಕೊಟ್ಟ ಹಾಗೆ. ಒಳ್ಳೆಯ ಚೌಕಟ್ಟು, ನಂಬುವಂಥ ವರದಿ ಇದ್ದರೆ ಅಷ್ಟು ಬಿಟ್ಟುಕೊಡಲು ನಾನು ತಯಾರು. ಶೇ 1ರಷ್ಟು ಕಡಿಮೆ ಕೊಡುತ್ತೇವೆ ಅಂದರೆ ಯಾಕೆ ಅಂತ ಕೇಳುತ್ತೇನೆ. ಎರಡೂ ಬಾಂಡ್‌ಗಳಲ್ಲಿ ಸಾಲಗಾರ ಒಬ್ಬನೇ, ಅಪಾಯವೂ ಒಂದೇ. ನಾವು ಬಿಟ್ಟುಕೊಟ್ಟ ಹಣ ಶಾಲೆಗೆ ಹೋಗುವುದಿಲ್ಲ, ಸಾಲಗಾರನ ಜೇಬಿನಲ್ಲಿ ಉಳಿಯುತ್ತದೆ. ಅಷ್ಟು ಬಿಡುವುದಾದರೆ ಮಾಮೂಲಿ ಬಾಂಡ್ ಕೊಂಡು, ಆ ವ್ಯತ್ಯಾಸವನ್ನು ನೇರವಾಗಿ ದಾನ ಮಾಡಬಹುದು.

ಬಡ್ಡಿ ದರದ ಅಪಾಯ ಇದಕ್ಕಿಂತ ದೊಡ್ಡದು. ಜನ ಇದನ್ನೇ ಮರೆಯುತ್ತಾರೆ. ಬಾಂಡ್ ವರ್ಷಕ್ಕೆ ಇಂತಿಷ್ಟೇ ಅಂತ ಕೊಡುತ್ತಾ ಹೋಗುತ್ತದೆ. ಹೊರಗೆ ಬಡ್ಡಿ ಏರಿದರೆ ನಿಮ್ಮ ಹಳೆಯ ಬಾಂಡ್ ಯಾರಿಗೂ ಬೇಡವಾಗುತ್ತದೆ, ಬೆಲೆ ಇಳಿಯುತ್ತದೆ. ಹತ್ತು ವರ್ಷದ, ಶೇ 5 ಬಡ್ಡಿಯ ಬಾಂಡನ್ನು 100ಕ್ಕೆ ಕೊಂಡಿರಿ ಅಂದುಕೊಳ್ಳಿ. ಮರುದಿನವೇ ಮಾರುಕಟ್ಟೆ ಬಡ್ಡಿ ಶೇ 6 ಆದರೆ ಅದರ ಬೆಲೆ ಸುಮಾರು 92.6. ಅವಧಿ ಉದ್ದವಾದಷ್ಟೂ ಪೆಟ್ಟು ಜಾಸ್ತಿ.

ಐರೋಪ್ಯ ಒಕ್ಕೂಟದ 'ಶ್ಯೂರ್' ಬಾಂಡ್ ನೋಡಿ. ಕೋವಿಡ್ ಕಾಲದಲ್ಲಿ ಕಂಪನಿಗಳು ಕೆಲಸದವರನ್ನು ಮನೆಗೆ ಕಳಿಸದೆ ಕೆಲಸದ ಗಂಟೆ ಇಳಿಸಿ ಉಳಿಸಿಕೊಳ್ಳಲಿ, ಸಂಬಳದ ಕೊರತೆಯನ್ನು ಸರ್ಕಾರ ತುಂಬಲಿ ಅಂತ ಮಾಡಿದ ಯೋಜನೆ. 2020ರ ಅಕ್ಟೋಬರಿನಲ್ಲಿ ಮೊದಲ ಸಲ 1,700 ಕೋಟಿ ಯೂರೋ ಎತ್ತಲು ಹೊರಟರೆ 23,300 ಕೋಟಿಗೂ ಮೀರಿ ಬೇಡಿಕೆ ಬಂತು. ಕೊನೆಗೆ ಒಟ್ಟು 9,840 ಕೋಟಿ ಯೂರೋ 19 ದೇಶಗಳಿಗೆ ಹೋಯಿತು. ಉದ್ದೇಶ ಒಳ್ಳೆಯದು, ಸಾಲಗಾರ ಗಟ್ಟಿ, ವರದಿಯೂ ಬಂದಿದೆ. ಆದರೆ ಆ ಮೊದಲ ಸಲದ ಇಪ್ಪತ್ತು ವರ್ಷದ ಬಾಂಡಿನ ಬಡ್ಡಿ ವರ್ಷಕ್ಕೆ ಶೇ 0.1 ಮಾತ್ರ. 2022ರಿಂದ ಯೂರೋಪಿನಲ್ಲಿ ಬಡ್ಡಿ ಏರತೊಡಗಿತು. ಮಾರುಕಟ್ಟೆ ಬಡ್ಡಿ ಶೇ 3 ಇರುವಾಗ, ಹದಿನೇಳು ವರ್ಷ ಬಾಕಿ ಇರುವ ಅಂಥ ಬಾಂಡನ್ನು ಮಾರಲು ಹೋದರೆ 100ಕ್ಕೆ ಕೊಂಡದ್ದಕ್ಕೆ ಸುಮಾರು 62 ಸಿಗುತ್ತದೆ. ಯಾರೂ ಮೋಸ ಮಾಡಿಲ್ಲ, ಯಾರೂ ಮುಳುಗಿಲ್ಲ. ಕೊನೆಯವರೆಗೆ ಇಟ್ಟುಕೊಂಡರೆ 100 ಬಂದೇ ಬರುತ್ತದೆ. ನಡುವೆ ಹಣ ಬೇಕಾದವರಿಗೆ ಮಾತ್ರ ನಷ್ಟ.

ಆದ್ದರಿಂದ ನಿಮಗೆ ಹಣ ಯಾವಾಗ ಬೇಕು ಅಂತ ಮೊದಲು ಬರೆದುಕೊಳ್ಳಿ. ಅದಕ್ಕಿಂತ ಮುಂಚೆ ಮುಗಿಯುವ ಬಾಂಡನ್ನೇ ಆರಿಸಿ. ಬೇರೆ ದೇಶದ ಕರೆನ್ಸಿಯದ್ದಾದರೆ ವಿನಿಮಯ ದರ ಒಂದೇ ವರ್ಷದಲ್ಲಿ ಇಡೀ ಬಡ್ಡಿಯನ್ನು ನುಂಗಿಬಿಡಬಹುದು. ತೆರಿಗೆ ಮತ್ತು ಬೆಲೆಯೇರಿಕೆ ಕಳೆದ ಮೇಲೆ ಕೈಗೆಷ್ಟು ಅನ್ನುವುದೇ ಕೊನೆಯ ಲೆಕ್ಕ.

ಕೊಳ್ಳುವುದು

ಒಂದೇ ಬಾಂಡನ್ನು ನೇರವಾಗಿ ಕೊಳ್ಳಬಹುದು, ಇಲ್ಲಾ ಹಲವು ಬಾಂಡ್‌ಗಳಿರುವ ಫಂಡ್ ಮೂಲಕ ಹೋಗಬಹುದು. ನೇರವಾಗಿ ಕೊಂಡರೆ ಹಣ ಎಲ್ಲಿದೆ ಅಂತ ನಿಮಗೆ ಸ್ಪಷ್ಟ. ಆದರೆ ಸೋಷಿಯಲ್ ಬಾಂಡ್‌ಗಳನ್ನು ದೊಡ್ಡ ಸಂಸ್ಥೆಗಳಿಗೆಂದೇ ತರುವುದು ಹೆಚ್ಚು, ಕನಿಷ್ಠ ಮೊತ್ತವೇ ಸಾಮಾನ್ಯರ ಕೈಗೆ ಸಿಗದಷ್ಟು ಇರುತ್ತದೆ. ಕೊಂಡವರಲ್ಲಿ ಹಲವರು ಕೊನೆಯವರೆಗೆ ಇಟ್ಟುಕೊಳ್ಳುವವರು, ಹಾಗಾಗಿ ಮಾರಲು ಹೋದರೆ ಕೊಳ್ಳುವವರು ಸುಲಭವಾಗಿ ಸಿಗುವುದಿಲ್ಲ. ಕೊಳ್ಳುವ ಮುಂಚೆಯೇ ಇವತ್ತು ಕೊಂಡರೆ ಎಷ್ಟು, ಇವತ್ತೇ ಮಾರಿದರೆ ಎಷ್ಟು ಅಂತ ಎರಡೂ ಬೆಲೆ ಕೇಳಿ. ಅಂತರ ದೊಡ್ಡದಿದ್ದರೆ ಮೊದಲ ವರ್ಷದ ಬಡ್ಡಿ ಅಲ್ಲೇ ಹೋಯಿತು.

ಫಂಡ್‌ನಲ್ಲಿ ಸಣ್ಣ ಮೊತ್ತ ಸಾಕು, ಒಬ್ಬ ಸಾಲಗಾರ ಕೈಕೊಟ್ಟರೆ ಉಳಿದವರು ಇರುತ್ತಾರೆ. ಹೆಸರು ನೋಡಿ ಕೊಳ್ಳಬೇಡಿ. ಅದು ಹಿಡಿದಿರುವ ಬಾಂಡ್‌ಗಳ ಪಟ್ಟಿ ತೆಗೆದು, ಮೇಲಿನ ಹತ್ತರಲ್ಲಿ ಎಷ್ಟು ನಿಜವಾಗಿ ಸೋಷಿಯಲ್ ಬಾಂಡ್ ಅಂತ ಎಣಿಸಿ. ವಾರ್ಷಿಕ ಶುಲ್ಕವನ್ನೂ ನೋಡಿ. ಫಂಡ್‌ಗೆ ಸಾಮಾನ್ಯವಾಗಿ ಮುಗಿಯುವ ದಿನ ಇರುವುದಿಲ್ಲ, ಅದಕ್ಕೆ 'ಕೊನೆಯವರೆಗೆ ಇಟ್ಟುಕೊಂಡರೆ 100 ಬರುತ್ತದೆ' ಅನ್ನುವ ಮಾತು ಅಲ್ಲಿ ಸಲ್ಲುವುದಿಲ್ಲ.

ಕೊಂಡ ಮೇಲೆ

ಒಂದೊಂದು ಬಾಂಡಿಗೆ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಇಡಿ. ಬಡ್ಡಿ ಬರುವ ದಿನ, ಮುಗಿಯುವ ದಿನ, ರೇಟಿಂಗ್, ಮುಂದಿನ ವರದಿಯ ತಿಂಗಳು. ಅದರ ಕೆಳಗೆ, ಚೌಕಟ್ಟಿನಲ್ಲಿ ಅವರು ಕೊಟ್ಟ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ವರ್ಷ ಕಳೆದ ಮೇಲೆ ನೆನಪಿನಲ್ಲಿ ಆ ಮಾತು ಬದಲಾಗಿರುತ್ತದೆ, ಬರೆದದ್ದು ಬದಲಾಗುವುದಿಲ್ಲ.

ವರದಿ ಹೇಳಿದ ತಿಂಗಳಿಗೆ ಬರದಿದ್ದರೆ ಸಂಸ್ಥೆಯ ಹೂಡಿಕೆದಾರರ ವಿಭಾಗಕ್ಕೆ ಮೇಲ್ ಮಾಡಿ. ಸಣ್ಣ ಹೂಡಿಕೆದಾರರಿಗೆ ಯಾರು ಉತ್ತರ ಕೊಡುತ್ತಾರೆ ಅಂತ ಸುಮ್ಮನಿರಬೇಡಿ. ನಾನು ಬರೆದಿದ್ದೇನೆ, ಉತ್ತರ ಬಂದಿದೆ. ದೊಡ್ಡ ಮಾತು ಬೇಡ, ಒಂದು ನೇರ ಪ್ರಶ್ನೆ ಸಾಕು: 'ಚೌಕಟ್ಟಿನಲ್ಲಿ ಹೇಳಿದ ಇಷ್ಟು ಮನೆಗಳಲ್ಲಿ ಎಷ್ಟರಲ್ಲಿ ಈಗ ಜನ ವಾಸ ಇದ್ದಾರೆ?' ಕಟ್ಟಿದ್ದು ಎಷ್ಟು ಅಂತ ಕೇಳಬೇಡಿ, ವಾಸ ಇರುವುದು ಎಷ್ಟು ಅಂತ ಕೇಳಿ.

ರೇಟಿಂಗ್ ಇಳಿದರೆ ಅದು ಮೊದಲ ಪ್ರಶ್ನೆಯ ವಿಷಯ, ಹಣ ವಾಪಸ್ ಬರುತ್ತಾ ಅನ್ನುವುದು. ಯಾಕೆ ಇಳಿಯಿತು ಅಂತ ಓದಿ ನಿರ್ಧರಿಸಿ. ವರದಿ ಬರದಿದ್ದರೆ, ಮಾತು ಸಡಿಲವಾಗುತ್ತಾ ಹೋದರೆ ಅದು ಎರಡನೇ ಪ್ರಶ್ನೆಯ ವಿಷಯ. ಆಗ ನಷ್ಟದಲ್ಲಿ ಮಾರಲೇಬೇಕು ಅಂತೇನಿಲ್ಲ. ಅವಧಿ ಮುಗಿಯುವವರೆಗೆ ಇಟ್ಟುಕೊಂಡು, ಅದೇ ಸಂಸ್ಥೆಯ ಮುಂದಿನ ಬಾಂಡ್ ಕೊಳ್ಳದಿದ್ದರೆ ಸಾಕು. ಕೊಳ್ಳಲಿಲ್ಲ ಯಾಕೆ ಅಂತ ಅವರಿಗೆ ಒಂದು ಸಾಲು ಬರೆದು ತಿಳಿಸಿ.

ಉತ್ತರ ಬಂದರೆ ಪ್ರಿಂಟ್ ತೆಗೆದು ಅದೇ ಪುಟಕ್ಕೆ ಅಂಟಿಸಿಡಿ. ಮುಂದಿನ ವರ್ಷದ ವರದಿ ಬಂದಾಗ ಪಕ್ಕದಲ್ಲಿಟ್ಟು ಓದಲು ಬೇಕಾಗುತ್ತದೆ.